ಸತ್ಯಾಂಶ: ಹೊರಗಿನವರು ಹೋದರೆ ಕೆಲಸವೆಲ್ಲ ಊರಿನವರಿಗೆ ಸಿಗುತ್ತದೆಯೇ?

ಹೊರರಾಜ್ಯದ ಕಾರ್ಮಿಕರನ್ನು ಕಳುಹಿಸಿ ಯಂತ್ರಗಳನ್ನೂ ನಿಲ್ಲಿಸಿದರೆ ಅಷ್ಟೂ ಕೆಲಸ ಊರಿನ ಯುವಕರಿಗೆ ದೊರೆಯುತ್ತದೆ ಎಂಬ ಸಂದೇಶ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಓದಿದ ಮಗ ಕೆಲಸವಿಲ್ಲದೆ ಮನೆಯಲ್ಲಿರುವಾಗ ಅದು ನಿಜವೆನಿಸುವುದು ಸಹಜ. ಆದರೆ ಕೆಲಸಗಳ ಸಂಖ್ಯೆ ಎಂದೂ ಬದಲಾಗುವುದಿಲ್ಲ ಎಂಬ ಅದರ ಆಧಾರವೇ ತಪ್ಪು.

ಮೆಕ್ಸಿಕೋದ ಕೃಷಿ ಕಾರ್ಮಿಕರನ್ನು ಒಪ್ಪಂದದ ಮೇಲೆ ಕರೆತರುವ ಬ್ರಾಸೆರೋ ಯೋಜನೆಯನ್ನು ಅಮೆರಿಕವು 1964ರ ಕೊನೆಯಲ್ಲಿ ನಿಲ್ಲಿಸಿದಾಗ ಸ್ಥಳೀಯರ ಕೂಲಿ ನಿರೀಕ್ಷಿಸಿದಂತೆ ಏರಲಿಲ್ಲ. ಕ್ಯಾಲಿಫೋರ್ನಿಯಾದ ಬೆಳೆಗಾರರು ಕೆಲವೇ ವರ್ಷಗಳಲ್ಲಿ ಟೊಮೆಟೊ ಕೊಯ್ಯುವ ಯಂತ್ರಗಳಿಗೆ ಹೊರಳಿದರು.

ನಮ್ಮ ಅಡಿಕೆ ತೋಟಗಳಲ್ಲಿಯೂ ಮರ ಹತ್ತುವವರು ವಿರಳವಾದ ಮೇಲೆಯೇ ಕಾರ್ಬನ್ ಫೈಬರ್ ದೋಟಿ (ಹಗುರವಾದ ಉದ್ದನೆಯ ಕೋಲು) ಹಬ್ಬಿತು. ಅದನ್ನು ಹಿಡಿದು ನೆಲದಲ್ಲಿ ನಿಂತು ಮದ್ದು ಬಿಡುವುದಕ್ಕೂ ಗೊನೆ ಕೊಯ್ಯುವುದಕ್ಕೂ ಕತ್ತೆತ್ತಿ ಗುರಿಹಿಡಿಯಬಲ್ಲ ನುರಿತವರು ಬೇಕು, ಕೆಳಗೆ ಬಲೆ ಹಿಡಿಯಲು ಇನ್ನಿಬ್ಬರು ಬೇಕು. ಹಾಗೆಂದು ಯಾರಿಗೂ ನಷ್ಟವಿಲ್ಲ ಎನ್ನಲಾಗದು. ಯಂತ್ರ ಬಂದಲ್ಲಿ ಕೈಯಲ್ಲಿ ಅಡಿಕೆ ಸುಲಿಯುತ್ತಿದ್ದವರ ಕೆಲಸ ನಿಜಕ್ಕೂ ಕಡಿಮೆಯಾಗಿದೆ.

ಸಂದೇಶದಲ್ಲಿ ಅಂಕಿಯಿದ್ದರೆ ಅದು ಯಾವ ವರ್ಷದ್ದು, ಜಿಲ್ಲೆಯದೋ ರಾಜ್ಯದ್ದೋ ಎಂದು ಮೊದಲು ನೋಡಬೇಕು. ಉದ್ಯೋಗ, ನಿರುದ್ಯೋಗಗಳ ಬಗ್ಗೆ ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ (PLFS) ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಓದುವಾಗ ಒಂದು ಎಚ್ಚರ ಅಗತ್ಯ: ನಿರುದ್ಯೋಗ ದರವು ಕೆಲಸದಲ್ಲಿರುವ ಮತ್ತು ಕೆಲಸಕ್ಕೆ ಸಿದ್ಧರಿರುವ ಜನರ ನಡುವಿನ ಲೆಕ್ಕವೇ ಹೊರತು ಒಟ್ಟು ಜನಸಂಖ್ಯೆಯದಲ್ಲ, ಕೆಲಸ ಹುಡುಕದೆ ಓದುತ್ತಿರುವವರು ಅದರಲ್ಲಿ ಸೇರುವುದಿಲ್ಲ.