ಕೂಳೆ ಕಬ್ಬಿಗೆ ಹೊಸ ತಲೆಮಾರು

ನಮ್ಮ ಕಡೆ ತಲೆಮಾರು ಅಂದರೆ ತಾತ, ಅಪ್ಪ, ಮಗ. ನಡುವೆ ಇಪ್ಪತ್ತೈದು ಮೂವತ್ತು ವರ್ಷ, ಒಂದು ಮದುವೆ, ಒಂದಿಷ್ಟು ಕೈಸಾಲ. ಟಿವಿಗೆ ಜೋಡಿಸಿ ಆಟ ಆಡುವ ಡಬ್ಬ, ಅಂದರೆ ಗೇಮ್ ಕನ್ಸೋಲ್ ಮಾಡುವವರಿಗೆ ಈ ತಾಪತ್ರಯವಿಲ್ಲ. ಆರೇಳು ವರ್ಷಕ್ಕೊಮ್ಮೆ ಡಂಗುರ ಹೊಡೆದರೆ ಹೊಸ ತಲೆಮಾರು ಹುಟ್ಟಿತು. ಅಮೆರಿಕದಲ್ಲಿ ಸೋನಿಯ ಪ್ಲೇಸ್ಟೇಷನ್ 3, ಅಂದರೆ ಪಿಎಸ್ 3 ಬಂದದ್ದು 2006ರಲ್ಲಿ, ಪಿಎಸ್ 4 2013ರಲ್ಲಿ, ಪಿಎಸ್ 5 2020ರಲ್ಲಿ. ಮೂರೂ ನವೆಂಬರ್‌ನಲ್ಲೇ, ನಮ್ಮ ರಾಜ್ಯೋತ್ಸವದಷ್ಟೇ ಕರಾರುವಾಕ್ಕು. ಅಪ್ಪ ಸಾಯಬೇಕೆಂಬ ನಿಯಮವೂ ಇಲ್ಲ. 2000ದಲ್ಲಿ ಹುಟ್ಟಿದ ಪಿಎಸ್ 2, ಮಗ ಬಂದು ಆರು ವರ್ಷವಾದರೂ, 2012ರ ಕೊನೆಯವರೆಗೂ ದುಡಿಯುತ್ತಲೇ ಇತ್ತು.

ಮಂಡ್ಯದ ನಮ್ಮ ಮನೆಯಲ್ಲಿರುವುದು ಪಿಎಸ್ 4. ಚೆನ್ನಾಗೇ ಓಡುತ್ತದೆ, ಫ್ಯಾನು ಮಾತ್ರ ಆಲೆಮನೆಯ ಗಾಣದ ಹಾಗೆ ಸದ್ದು ಮಾಡುತ್ತದೆ. ‘ಇದು ಹೋದ ತಲೆಮಾರಿಂದು, ಐದು ಕೊಡಿಸಪ್ಪ’ ಎಂದು ಮಗ ಪಂಚಾಯ್ತಿ ಇಟ್ಟ ದಿನವೇ ಮದ್ದೂರು ಕಡೆಯಿಂದ ದೊಡ್ಡಪ್ಪ ಬಂದಿದ್ದರು. ಎತ್ತಿನ ಯಾಪಾರದಲ್ಲಿ ಪಳಗಿದ ಜೀವ, ಬಾಯಿ ತೆರೆಸಿ ಹಲ್ಲು ಎಣಿಸಿಯೇ ವಯಸ್ಸು ಹೇಳುವವರು.

“ಹೊಸಾದ್ರಲ್ಲಿ ಯಾವಾಟ ಆಡೀಯ್ಲಾ?”

“ಜಿಟಿಎ 5, ತಾತ.”

“ಈಗಿರೋದ್ರಲ್ಲಿ?”

“ಅದೇ. ಆದ್ರೆ ಹೊಸದ್ರಲ್ಲಿ ನೀರು ಸಕತ್ತಾಗಿ ಕಾಣ್ತದೆ.”

“ನೀರ್ ನೋಡಕ್ಕೆ ಅಷ್ಟು ದುಡ್ಡಾ? ವೀಸೀ ನಾಲೆ ತಾವ ಹೋಗಿ ನಿಂತ್ಕೋ.”

ಆ ಆಟ 2013ರಲ್ಲಿ ಪಿಎಸ್ 3ಕ್ಕೆ, 2014ರಲ್ಲಿ ಪಿಎಸ್ 4ಕ್ಕೆ, 2022ರಲ್ಲಿ ಪಿಎಸ್ 5ಕ್ಕೆ ಬಂತೆಂದು ನಾನು ಬಿಡಿಸಿ ಹೇಳಿದೆ. ದೊಡ್ಡಪ್ಪನಿಗೆ ತಟ್ಟನೆ ಹೊಳೆಯಿತು.

“ಹಂಗಾರೆ ಕೂಳೆ ಅನ್ನು.”

ಕಬ್ಬು ಕಡಿದ ಬುಡದಲ್ಲೇ ಮತ್ತೆ ಚಿಗುರುವ ಬೆಳೆ ಅದು. ಎರಡು ಮೂರು ಕೂಳೆ ಆದಮೇಲೆ ಇಳುವರಿ ಬಿದ್ದು, ಅಗೆದು ಬಿಸಾಕುತ್ತಾರೆ. ಕೂಳೆಯನ್ನು ಹೊಸ ನಾಟಿ ಎಂದು ಹೇಳಿಕೊಂಡು ಬಿತ್ತನೆ ದುಡ್ಡು ಮತ್ತೆ ವಸೂಲು ಮಾಡಿದ ರೈತ ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ರೇಟಿನ ಕತೆಯಂತೂ ಇನ್ನೂ ಚೆಂದ. 2021ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದಾಗ ಡಿಸ್ಕ್ ಹಾಕುವ ಪಿಎಸ್ 5ಕ್ಕೆ 49,990 ರೂಪಾಯಿ. ಎರಡು ವರ್ಷ ತುಂಬುವ ಮೊದಲೇ ಅದೇ ಡಬ್ಬಕ್ಕೆ 54,990.

“ಹಲ್ ಸವೆದಂಗೆಲ್ಲಾ ಎತ್ತಿನ್ ರೇಟು ಏರ್ತದಾ? ಯಾವ್ ಜಾತ್ರೇಲ್ಲಾ ಈ ಯಾಪಾರ?”

ಮಗನಿಗೆ ಏಳು ವರ್ಷ ಅಂದರೆ ಯುಗ. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ. ಆಗ ಮೊದಲ ಪ್ಲೇಸ್ಟೇಷನ್ನೇ ಹುಟ್ಟಿರಲಿಲ್ಲ. 2007ರಲ್ಲಿ ಅಂತಿಮ ತೀರ್ಪು ಬರುವಷ್ಟರಲ್ಲಿ ಮೂರು ತಲೆಮಾರು ಆಗಿದ್ದವು. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ನಾಲ್ಕನೆಯದಕ್ಕೂ ವಯಸ್ಸಾಗುತ್ತಿತ್ತು. ಇಷ್ಟು ಕಾದವರ ಮುಂದೆ ‘ಹಳೇದಾಯ್ತು’ ಎಂದು ಅಳುತ್ತಾನೆ ಹುಡುಗ.

ಹೊರಡುವ ಮುನ್ನ ದೊಡ್ಡಪ್ಪ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪಿಎಸ್ 4ರಲ್ಲಿ ಡಿಸ್ಕ್ ತೂರಿಸುವ ಸೀಳಿನ ಮೇಲೆ ಬೆರಳಾಡಿಸಿ, ಕಣ್ಣು ಕಿರಿದು ಮಾಡಿ ಒಳಗೆ ಇಣುಕಿದರು.

“ಇನ್ನೂ ಆರಲ್ಲು ಕಣ್ಲಾ ಮಗ. ಹೂಡು.”