ಶ್ರೀರಂಗಪಟ್ಟಣವನ್ನು ಕಾರಿನಿಂದ ಇಳಿದು ನೋಡಿ

ಮೈಸೂರಿಗೆ ಹೋಗುವ ದಾರಿಯಲ್ಲಿ ಶ್ರೀರಂಗಪಟ್ಟಣವನ್ನು 'ಮುಗಿಸಿಕೊಂಡು' ಹೋಗುವವರೇ ಜಾಸ್ತಿ. ರಂಗನಾಥನ ದರ್ಶನ, ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಗೋರಿ ಇರುವ ಗುಂಬಜ್, ಟೈಮಿದ್ದರೆ ನಿಮಿಷಾಂಬ. ಪ್ರತಿ ಕಡೆ ಪಾರ್ಕಿಂಗ್, ಪ್ರತಿ ಕಡೆ ಒಂದಷ್ಟು ಸೆಲ್ಫಿ. ಈಗಂತೂ ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿಂದಲೇ ಹೋಗುತ್ತದೆ, ಎಷ್ಟೋ ಜನ ಇಳಿಯುವುದೇ ಇಲ್ಲ. ನನ್ನ ತಕರಾರು ಇಷ್ಟೇ. ಇದು ಕಾವೇರಿ ನಡುವಿನ ದ್ವೀಪ ಅನ್ನುವುದೇ ಕಾರಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಅದು ಗೊತ್ತಾಗದಿದ್ದರೆ ಈ ಊರಿನ ಚರಿತ್ರೆಯಲ್ಲಿ ಅರ್ಧ ಕೈತಪ್ಪಿದ ಹಾಗೆ.

ನಡೆಯುವವರು ಕೋಟೆಯ ವಾಯವ್ಯ ಮೂಲೆಯಿಂದ ಶುರು ಮಾಡಬೇಕು. ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಸ್ಮಾರಕ ಕಂಬ ಅಲ್ಲಿದೆ. ಅಲ್ಲಿ ನಿಂತರೆ ಕೆಳಗೆ ಹೊಳೆ, ಹೊಳೆ ತುಂಬ ಬಂಡೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಈ ನೀರನ್ನು ದಾಟಿ, ಫಿರಂಗಿ ಹೊಡೆದು ಒಡೆದಿದ್ದ ಟಿಪ್ಪುವಿನ ಕೋಟೆ ಗೋಡೆಯ ಮೇಲೆ ಹತ್ತಿತು. ದಾಟಲು ಬೇಕಾದದ್ದು ಕೆಲವೇ ನಿಮಿಷ. ಮೇ ಶುರುವಿನಲ್ಲಿ ಕಾವೇರಿ ಬತ್ತಿರುತ್ತಾಳೆ ಅಲ್ವಾ? ಮುಂಗಾರು ಹಿಡಿದು ಹೊಳೆ ತುಂಬಿದ್ದರೆ ಕಥೆಯೇ ಬೇರೆ. ಸುಮ್ನೆ ಹೇಳುತ್ತಿಲ್ಲ. ಎಂಟು ವರ್ಷ ಮೊದಲು, 1791ರಲ್ಲಿ, ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಕಟ್ಟಿಕೊಂಡು ಇದೇ ಊರಿನ ಹತ್ತಿರದವರೆಗೂ ಬಂದಿದ್ದ. ಮಳೆ ಬಂತು, ದವಸ ಮುಗಿಯಿತು, ಫಿರಂಗಿ ಎಳೆಯುವ ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ಸು ಹೋಗಬೇಕಾಯಿತು. ಟಿಪ್ಪುವಿನ ಮಂತ್ರಿ ಮೀರ್ ಸಾದಿಕನ ದ್ರೋಹದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೊಳೆಯ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ. ಈಗ ಅಲ್ಲಿ ನಿಂತು ನೀರು ಅಳೆಯಬೇಡಿ, ಮೇಲೆ ಕೆಆರ್‌ಎಸ್ ಇದೆ. ಎಷ್ಟು ಹರಿಯಬೇಕು ಅನ್ನುವುದು ಇವತ್ತು ಅದರ ಗೇಟಿನ ಕೈಯಲ್ಲಿದೆ.

ಅಲ್ಲಿಂದ ಉತ್ತರದ ಗೋಡೆ ಹಿಡಿದು ಪೂರ್ವಕ್ಕೆ ಬಂದರೆ ಬೇಯ್ಲಿ ಸೆರೆಮನೆ ಸಿಗುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಮೆಟ್ಟಿಲಿಳಿದು ಹೋಗಬೇಕು. ಒಳಗೆ ಕಮಾನು ಕಮಾನಾಗಿ ಕಟ್ಟಿದ ಗಾರೆಯ ಛಾವಣಿ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಮುಂದಕ್ಕೆ ಚಾಚಿವೆ, ಒಂದೊಂದರಲ್ಲೂ ತೂತು. ಕೈದಿಗಳ ಸರಪಳಿ ಕಟ್ಟುತ್ತಿದ್ದದ್ದು ಆ ತೂತುಗಳಿಗೆ ಅನ್ನುತ್ತಾರೆ. ಜನ ಅದರೊಳಗೆ ಬೆರಳು ತೂರಿಸಿ ನೋಡುತ್ತಾರೆ, ನಾನೂ ನೋಡಿದೆ. ಅಂಚು ನುಣ್ಣಗಾಗಿದೆ. ಸರಪಳಿ ಸವೆಸಿದ್ದೋ, ನಮ್ಮಂಥ ಪ್ರವಾಸಿಗರು ಸವೆಸಿದ್ದೋ!

ಇಂಗ್ಲಿಷರ ಕರ್ನಲ್ ಬೇಯ್ಲಿ ಹೈದರ್, ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿಬಿದ್ದದ್ದು 1780ರ ಪೊಳ್ಳಿಲೂರು ಯುದ್ಧದಲ್ಲಿ. ಎರಡು ವರ್ಷಕ್ಕೆ ಸೆರೆಯಲ್ಲೇ ಸತ್ತ. ಆ ಯುದ್ಧದ ಚಿತ್ರ ದರಿಯಾ ದೌಲತ್ತಿನ ಪಡುವಣ ಗೋಡೆಯ ಮೇಲಿದೆ. ಅದರಲ್ಲಿ ಪಲ್ಲಕ್ಕಿಯಲ್ಲಿ ಕೂತಿರುವವನು ಇದೇ ಬೇಯ್ಲಿ. ಅವನ ಜೊತೆಗೇ ಸೆರೆಯಾದ ಇನ್ನೊಬ್ಬ ಡೇವಿಡ್ ಬೇರ್ಡ್. ಮೂರು ವರ್ಷಕ್ಕೂ ಜಾಸ್ತಿ ಇದೇ ಊರಿನಲ್ಲಿ ಕೈದಿಯಾಗಿದ್ದ. 1799ರಲ್ಲಿ ಆ ಒಡೆದ ಗೋಡೆ ಹತ್ತಿದ ಸೈನ್ಯದ ಮುಂದೆ ಇದ್ದವನು ಅವನೇ. ಅವತ್ತು ರಾತ್ರಿ ದೀಪ ಹಿಡಿಸಿಕೊಂಡು ಹೆಣಗಳ ರಾಶಿಯಲ್ಲಿ ಟಿಪ್ಪುವನ್ನು ಹುಡುಕಿಸಿದವನೂ ಅವನೇ. ಇಷ್ಟೆಲ್ಲ ಮಾಡಿದ ಮೇಲೆ ಊರಿನ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್ಲನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ. ಶಿಫಾರಸು ಅನ್ನುವುದು ಇವತ್ತಿನ ರೋಗ ಅಲ್ಲ ಬಿಡಿ.

ಟಿಪ್ಪು ಬಿದ್ದ ಜಾಗ ಕೂಡ ನಡೆದೇ ನೋಡಬೇಕಾದ್ದು. ಉತ್ತರದ ಗೋಡೆಯ ಹತ್ತಿರ ಊಟಕ್ಕೆ ಕೂತಿದ್ದವನಿಗೆ ಸುದ್ದಿ ಬಂತು. ಗೋಡೆಯ ಮೇಲೆ ಪಶ್ಚಿಮಕ್ಕೆ ಓಡಿದ, ತಡೆಯಲಾಗದೆ ಹಿಂದೆ ಸರಿದ, ಒಳಕೋಟೆಗೆ ಹೋಗುವ ಬಾಗಿಲಿನ ಹತ್ತಿರ ಗುಂಡು ತಿಂದ. ಪುಸ್ತಕದಲ್ಲಿ ಓದಿದಾಗ ಇದು ದೊಡ್ಡ ರಣರಂಗದ ಹಾಗೆ ಕಾಣುತ್ತದೆ. ಕಾಲಲ್ಲಿ ಅಳೆದರೆ ಎಷ್ಟು ಚಿಕ್ಕ ಜಾಗ! ಒಂದು ರಾಜ್ಯ ಮುಗಿದದ್ದು ಇಷ್ಟೇ ಉದ್ದದ ಗೋಡೆಯ ಮೇಲೆ. ಅಲ್ಲೊಂದು ಕಲ್ಲುಫಲಕ ಇದೆ, ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವವರನ್ನು ನಾನು ಕಂಡಿಲ್ಲ.

ಟಿಪ್ಪುವಿನ ವಿಷಯಕ್ಕೆ ಫೇಸ್‌ಬುಕ್ಕಿನಲ್ಲಿ ಪ್ರತಿ ವರ್ಷ ಜಗಳ ಆಗುತ್ತದೆ. ಆ ಜಗಳ ಇಲ್ಲಿ ಬೇಡ. ಒಂದು ಮಾತು ಮಾತ್ರ. ಅವನ ಅರಮನೆ ಲಾಲ್ ಮಹಲ್ ಇದ್ದದ್ದು ರಂಗನಾಥನ ಗುಡಿಯ ಹತ್ತಿರದಲ್ಲೇ. 1787ರ ಜಾಮಿಯಾ ಮಸೀದಿಯ ಜೋಡಿ ಮಿನಾರುಗಳಿಗೂ ಗುಡಿಯ ಗೋಪುರಕ್ಕೂ ಆರಾಮಾಗಿ ನಡೆದು ಹೋಗಬಹುದು. ಗುಡಿ ಉಳಿದಿದೆ, ಮಸೀದಿ ಉಳಿದಿದೆ, ಅರಮನೆ ಮಾತ್ರ ಪಾಯದ ಮಟ್ಟಕ್ಕೆ ಬಂದಿದೆ. ಯಾರ ಪರ ವಾದ ಮಾಡುವವರೂ ಒಮ್ಮೆ ಈ ಮೂರನ್ನೂ ಒಂದೇ ಬೆಳಗ್ಗೆ ನಡೆದು ನೋಡಿದರೆ ಒಳ್ಳೆಯದು.

ಯುದ್ಧ ಮುಗಿದ ಮೇಲೆ ಊರಿಗೆ ಏನಾಯಿತು ಅನ್ನುವುದನ್ನು ಗೈಡುಗಳು ಹೇಳುವುದೇ ಇಲ್ಲ. ರಾಜಧಾನಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನ ಇದ್ದರೆಂದು ಅಂದಾಜು ಮಾಡಿದ, ಇಂಗ್ಲಿಷರಿಗಾಗಿ ಮೈಸೂರು ಸೀಮೆ ಸುತ್ತಿ ವರದಿ ಬರೆದ ಬುಕಾನನ್, 1800ರಲ್ಲಿ ತಾನು ಬಂದಾಗ ಕಂಡದ್ದು 32 ಸಾವಿರದಷ್ಟು. ಆಮೇಲೆ ಜ್ವರ. ಸೊಳ್ಳೆ ಕಾಟಕ್ಕೆ ಇಂಗ್ಲಿಷರ ದಂಡೇ 1809ರಲ್ಲಿ ಬೆಂಗಳೂರಿಗೆ ಹೊರಟಿತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದರ ಹಿಂದೆ ಈ ದ್ವೀಪದ ಸೊಳ್ಳೆಗಳ ಪಾಲೂ ಇದೆ. ಇಲ್ಲಿನ ಗ್ಯಾರಿಸನ್ ಸ್ಮಶಾನದಲ್ಲಿ ಗೋರಿಗಳನ್ನು ಓದುತ್ತಾ ಹೋಗಿ, ಆ ಕಾಲ ಅಲ್ಲಿದೆ.

ನೋಡಿಕೊಳ್ಳುವ ವಿಷಯದಲ್ಲಿ ನನಗೆ ಸಿಟ್ಟೂ ಇದೆ, ಖುಷಿಯೂ ಇದೆ. ಕೋಟೆ ಗೋಡೆ ಮೇಲೆ ಗಿಡ ಬೆಳೆದು ಕಲ್ಲು ಸಡಿಲಾಗುತ್ತಿದೆ, ಕಂದಕದಲ್ಲಿ ಪ್ಲಾಸ್ಟಿಕ್. ಆದರೆ 2017ರಲ್ಲಿ ರೈಲ್ವೆ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಶಸ್ತ್ರಾಗಾರವನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಮನಸ್ಸಿದ್ದರೆ ಆಗುತ್ತದೆ ಅಂತಾಯಿತಲ್ಲ! ಹಾಗಿದ್ದ ಮೇಲೆ ಗಿಡ ಕೀಳಲು ಏನು ತೊಂದರೆ?

ಹೋಗುವವರು ಡಿಸೆಂಬರ್, ಜನವರಿಯ ಬೆಳಗ್ಗೆ ಬೇಗ ಹೋಗಿ. ಗಟ್ಟಿ ಚಪ್ಪಲಿ ಇರಲಿ, ನೀರು ಇರಲಿ. ಗುಂಬಜ್ ಮತ್ತು ಸಂಗಮದವರೆಗೂ ನಡೆದೇ ಹೋಗಿ ಅನ್ನುವ ಹಠ ನನಗಿಲ್ಲ. ಅದು ದ್ವೀಪದ ಇನ್ನೊಂದು ತುದಿ, ಆಟೊ ಹತ್ತಿ. ಕೋಟೆಯೊಳಗೆ ಮಾತ್ರ ಹತ್ತಬೇಡಿ.