ಮೇಣ ಮೆತ್ತಿದ ಮಾರುತಿ

ನಮ್ಮದು 1999ರ ಮಾರುತಿ 800. ಕಂಪನಿಯವರು 2014ರಲ್ಲೇ ಈ ಗಾಡಿ ತಯಾರಿಸೋದು ನಿಲ್ಲಿಸಿದರು. ನಾನು ಓಡಿಸೋದು ನಿಲ್ಲಿಸಿಲ್ಲ, ಅಷ್ಟೇ. ಮಲೆನಾಡಿನ ನಮ್ಮ ಸಾಗರದ ಮಳೆಗೆ ಮುಂದಿನ ಗಾಜಿನ ಮೂಲೆಯಿಂದ ನೀರು ಜಿನುಗಿ, ಗುರಿಯಿಟ್ಟ ಹಾಗೆ ನನ್ನ ಬಲ ಮೊಣಕಾಲಿನ ಮೇಲೇ ಬೀಳುತ್ತೆ. ಹಿಂದಿನ ಯಜಮಾನರ ಮೊಣಕಾಲಿಗೂ ಬಿದ್ದಿರಬೇಕು. ಪುಣ್ಯಾತ್ಮರು ಗಾಜಿನಂಚಿನ ರಬ್ಬರ್ ಪಟ್ಟಿ, ಅಂದ್ರೆ ಬೀಡಿಂಗ್, ಬದಲಿಸೋದು ಬಿಟ್ಟು, ಸುತ್ತಲೂ ಸಂದು ಮುಚ್ಚೋ ಕಪ್ಪು ಸೀಲೆಂಟ್ ಮೆತ್ತಿ ನನಗೆ ಮಾರಿದ್ದಾರೆ. ಹಣ್ಣು ತಿಂದವರು ನುಣುಚಿಕೊಂಡರು, ಮೇಣ ನನ್ನ ಪಾಲಿಗೆ ಬಂತು.

‘ಹಳೇ ಗಮ್ ನೀವೇ ಕೆರೆದಿಟ್ರೆ ಮಜೂರಿ ಕಮ್ಮಿ ಆಗುತ್ತೆ ಸಾರ್’ ಅಂದ ಮೆಕ್ಯಾನಿಕ್. ‘ಕಮ್ಮಿ’ ಅಂತ ಕಿವಿಗೆ ಬಿದ್ದ ಮೇಲೆ ನನಗೆ ಮುಂದಿನದೇನೂ ಕೇಳಿಸೋದಿಲ್ಲ.

ಭಾನುವಾರ ಬೆಳಿಗ್ಗೆ ಹಳೇ ಎಟಿಎಂ ಕಾರ್ಡ್ ಹಿಡಿದು ಶುರು ಮಾಡಿದೆ. ಇದು ಬ್ಯೂಟೈಲ್ ರಬ್ಬರು, ಟೈರಿನ ಟ್ಯೂಬಿನಲ್ಲಿ ಗಾಳಿ ಹಿಡಿದಿಡೋ ಜಾತಿಯದು. ಗಾಜು ಅದುರಿದರೂ ಬಿರುಕು ಬಿಡಬಾರದು ಅಂತ ಒಣಗದ ಹಾಗೇ ಮಾಡಿರ್ತಾರೆ. ಹತ್ತು ವರ್ಷವಾದರೂ ಹಸಿ ಹಸಿ! ಎಳೆದರೆ ಜೋನಿಬೆಲ್ಲದ ಹಾಗೆ ಗೇಣುದ್ದ ಬರುತ್ತೆ, ಬಂದದ್ದು ಕಾರ್ಡಿಗೆ, ಕಾರ್ಡಿನಿಂದ ಬೆರಳಿಗೆ, ಬೆರಳಿನಿಂದ ಕನ್ನಡಕಕ್ಕೆ. ಅಷ್ಟರಲ್ಲಿ ಫೋನ್ ಬಂತು. ಎತ್ತಿದೆ. ಮಾತು ಮುಗಿದರೂ ಫೋನು ಕಿವಿ ಬಿಡಲಿಲ್ಲ.

ಥಿನ್ನರ್ ತಾಗಿಸಿದೆ, ಸೀಲೆಂಟ್ ಅಲ್ಲೇ ಉಳಿದು ಪಕ್ಕದ ಬಣ್ಣ ಎದ್ದು ಬಂತು. ತಣ್ಣಗಾದರೆ ಗಟ್ಟಿಯಾಗಿ ಬಿಡಿಸೋಕೆ ಬರುತ್ತೆ ಅಂತ ನೆನಪಾಗಿ ಫ್ರಿಜ್ಜಿನ ಐಸೆಲ್ಲ ಖಾಲಿ ಮಾಡಿದೆ. ಇದು ನಿಜಕ್ಕೂ ಕೆಲಸ ಮಾಡಿತು, ತುಂಡು ತುಂಡಾಗಿ ಎದ್ದು ಬಂತು. ಆದರೆ ಫ್ರಿಜ್ಜಿನ ಹಿಡಿಕೆಯ ಮೇಲೆ ನನ್ನ ಐದೂ ಬೆರಳು ಕಪ್ಪಗೆ ಮೂಡಿದ್ದವು. ಹೆಂಡತಿ ನೋಡಿದಳು. ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಎಲ್ಲ ನೋಡುತ್ತಿದ್ದ ಅಮ್ಮ ಕೊನೆಗೆ ಬಾಯಿಬಿಟ್ಟಳು: ‘ಹಲಸಿನಹಣ್ಣು ಕೊಯ್ಯೋ ಮುಂಚೆ ಕೈಗೆ ಏನು ಹಚ್ಕೋತೀಯೋ?’

ಕೊಬ್ಬರಿ ಎಣ್ಣೆ! ಬಟ್ಟೆಗೆ ಹಾಕಿ, ಉಳಿದ ಕಲೆಯ ಮೇಲೆ ಹತ್ತು ನಿಮಿಷ ಒತ್ತಿ ಬಿಟ್ಟು ಉಜ್ಜಿದೆ, ಕರಗಿ ಬಂತು. ಗಾಜು ಲಕಲಕ. ಕಾರಿನ ತುಂಬ ಮಾತ್ರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತವರ ವಾಸನೆ. ಇನ್ನು ನನ್ನ ಕೈ ಉಳಿಯಿತು. ಎಣ್ಣೆ, ಸೀಗೆಪುಡಿ, ಪಾತ್ರೆ ಉಜ್ಜೋ ನಾರು, ಎಲ್ಲ ಆಯಿತು.

ಮಾರನೇ ದಿನ ರೇಷನ್ ಅಂಗಡಿಗೆ ಹೋದೆ. ಬಲಗೈ ಹೆಬ್ಬೆಟ್ಟು ಒತ್ತಿದೆ, ಮಷೀನು ಒಪ್ಪಲಿಲ್ಲ. ಎಡಗೈ ಒತ್ತಿದೆ, ಅದಕ್ಕೂ ಇಲ್ಲ. ಅಂಗಡಿಯವರು ನನ್ನ ಕೈ ಎಳೆದು ಬೆಳಕಿಗೆ ಹಿಡಿದು ನೋಡಿದರು.

‘ಏನ್ ಭಟ್ರೇ, ಒಬ್ರೇ ತಿಂದ್ರಾ ಹಲಸಿನಹಣ್ಣು?’